ಚುಕ್ಕೆ ಜಿಂಕೆ ಮತ್ತು ಕೆರೆಯ ಬಸವನಹುಳ: ಹೋಲಿಕೆ ಎಲ್ಲಿಂದ ಶುರು ಮಾಡಬೇಕು?

ಬೀದರ್_ಜೀವಶಾಸ್ತ್ರ

ಎಲ್ಲರಿಗೂ ಶರಣು. ಪಿಯುಸಿ ಮೊದಲನೇ ವರ್ಷದ ಹುಡುಗರು ವಿಜ್ಞಾನ ಪ್ರದರ್ಶನಕ್ಕ ಚುಕ್ಕೆ ಜಿಂಕಿ ಮತ್ತು ಕೆರೆಯೊಳಗಿನ ಬಸವನಹುಳ, ಈ ಎರಡರ ಹೋಲಿಕೆ ಅಂತ ವಿಷಯ ಆರಿಸ್ಕೊಂಡಾರ. ಸದ್ಯ ಚಾರ್ಟಿನಾಗ ಇರೋದು ಇಷ್ಟೇ: ಒಂದಕ್ಕ ಬೆನ್ನೆಲುಬು ಅದ, ಒಂದಕ್ಕ ಇಲ್ಲ. ಒಂದು ಓಡ್ತದ, ಒಂದು ತೆವಳ್ತದ. ಒಂದರ ರಕ್ತ ಬಿಸಿ, ಇನ್ನೊಂದರದು ತಣ್ಣಗ. ಹಿಂಗೇ ಇಪ್ಪತ್ತು ಸಾಲು. ಓದಿದವರಿಗಿ ಹೊಸದು ಏನೂ ತಿಳಿಯಂಗಿಲ್ಲ.

ನನಗ ಬೇಕಾಗಿದ್ದು: ಎರಡನ್ನೂ ಒಂದೇ ದಾರದಾಗ ಪೋಣಿಸೋ ಒಂದು ಸಂಗತಿ, ಮೇಜಿನ ಮ್ಯಾಲ ಮಾಡಿ ತೋರಿಸೋ ಒಂದು ಪ್ರಯೋಗ, ಮತ್ತ ಜೀವಂತ ಬಸವನಹುಳ ಮೂರ್ನಾಲ್ಕು ದಿನ ಸಾಯದಂಗ ಇಡೋ ಕ್ರಮ. ಜಿಂಕಿ ಫೋಟೊ ಊರ ಹೊರಗಿನ ತೊಗರಿ ಹೊಲದಾಗ ತೆಗೆದಿದ್ದು ಅದ, ಕೊಂಬು ಸುರುಳಿಯಾಗಿ ಮ್ಯಾಲ ಹೋಗ್ಯಾವ. ಅದನ್ನೇ ಹಾಕಬಹುದಾ? ಹುಳ ಸಿಕ್ಕಿದ್ದು ಹಳ್ಳಿ ಕೆರಿ ದಂಡ್ಯಾಗ, ನಿಂಬೆಹಣ್ಣಿನಷ್ಟು ದಪ್ಪ, ಬಾಯಿಗಿ ಗಟ್ಟಿ ಮುಚ್ಚಳ ಅದ.

ಕುರುಚಲು_ಕಾಡು

ಫೋಟೊ ಮೊದಲು ಬದಲಾಯಿಸ್ರಿ. ಸುರುಳಿ ಕೊಂಬಿನದು ಕೃಷ್ಣಮೃಗ, ಆಂಟಿಲೋಪ್ ಸರ್ವಿಕಾಪ್ರಾ. ನಮ್ಮ ಕಡೆ ಬಯಲಿನಾಗ ಕಾಣೋದು ಹೆಚ್ಚಾಗಿ ಅದೇ. ಅದು ಆಡು, ಕುರಿ, ದನದ ಕುಟುಂಬ ಬೋವಿಡೇಗೆ ಸೇರಿದ್ದು. ಚುಕ್ಕೆ ಜಿಂಕೆ ಆಕ್ಸಿಸ್ ಆಕ್ಸಿಸ್, ಸರ್ವಿಡೇ ಕುಟುಂಬ. ಬಂಡೀಪುರ, ನಾಗರಹೊಳೆಯ ಹಿಂಡುಗಳ ಫೋಟೊ ಸುಲಭವಾಗಿ ಸಿಗ್ತಾವ, ಅದರಾಗ ಒಂದು ಹಾಕ್ರಿ.

ದೂರದಿಂದ ಗುರುತಿಸೋಕ ಕೊಂಬು ಸಾಕು. ಕೃಷ್ಣಮೃಗದ ಕೊಂಬಿಗೆ ಕವಲು ಇಲ್ಲ. ಒಳಗ ಎಲುಬಿನ ತಿರುಳು, ಮ್ಯಾಲ ಉಗುರಿನ ಜಾತಿಯ ಕೆರಾಟಿನ್ ಹೊದಿಕೆ, ಸಾಯೋ ತನಕ ಬೀಳಂಗಿಲ್ಲ. ಚುಕ್ಕೆ ಜಿಂಕೆಯ ಗಂಡಿಗೆ ಕವಲುಗೊಂಬು, ಸಾಮಾನ್ಯವಾಗಿ ಒಂದೊಂದಕ್ಕೆ ಮೂರು ಮೊನೆ, ಪೂರ್ತಿ ಎಲುಬು, ವರ್ಷಕ್ಕೊಮ್ಮೆ ಉದುರಿ ಹೊಸದು ಬರ್ತದ. ಮೈ ಮ್ಯಾಲಿನ ಬಿಳಿ ಚುಕ್ಕೆ ಮರಿಗೂ ಇರ್ತದ, ಮುದಿ ಗಂಡಿಗೂ ಇರ್ತದ. ಗಂಡು ಭುಜದ ಹತ್ತಿರ ಸುಮಾರು 90 ಸೆಂಟಿಮೀಟರ್ ಎತ್ತರ, ತೂಕ 70ರಿಂದ 90 ಕಿಲೊ ಆಸುಪಾಸು. ಹೆಣ್ಣು ಅದಕ್ಕಿಂತ ಸಣ್ಣದು, ಕೊಂಬಿಲ್ಲ.

ತೊಗರಿ ಹೊಲದ ಫೋಟೊ ಬಿಸಾಡಬ್ಯಾಡ್ರಿ. ಚುಕ್ಕೆ ಜಿಂಕೆಯ ಪಕ್ಕದಾಗ ಸಣ್ಣದಾಗಿ ಹಾಕಿ "ಇದು ಜಿಂಕೆ ಕುಟುಂಬದ್ದಲ್ಲ, ಕಾರಣ ಇಂಥದು" ಅಂತ ಬರೆದ್ರ ಬೀದರಿನ ಮಂದಿಗೆ ಅದೇ ಹೆಚ್ಚು ಉಪಯೋಗ. ಚಿಂಚೋಳಿ ಅಭಯಾರಣ್ಯದಾಗಿರೋ ನಾಲ್ಕು ಕೊಂಬಿನ ಕೊಂಡುಕುರಿ ಸುದ್ದಿ ಬಂದ್ರೂ ನೆನಪಿರಲಿ, ಅದೂ ಬೋವಿಡೇನೇ.

ಮುಚ್ಚಳ ಇದ್ದು ನಿಂಬೆಹಣ್ಣಿನಷ್ಟು ದಪ್ಪ ಅಂದ್ರ ಪೈಲಾ ಕುಲ. ಪಠ್ಯದಾಗ ಇರೋದು ಪೈಲಾ ಗ್ಲೋಬೋಸಾ. ದಕ್ಷಿಣದ ಕೆರೆಗಳಾಗ ಪೈಲಾ ವೈರೆನ್ಸ್ ಕೂಡ ಇರ್ತದ. ಪುಸ್ತಕ ನೋಡಿ ಪ್ರಭೇದದ ಹೆಸರು ಬರೆದುಬಿಡಬ್ಯಾಡ್ರಿ. ಹತ್ತಾರು ಚಿಪ್ಪು ಇಟ್ಟು ತುದಿ ಎಷ್ಟು ಎತ್ತರ, ತಳದಾಗಿರೋ ಸಣ್ಣ ತೂತು, ಅಂದ್ರ ಹೊಕ್ಕಳ ರಂಧ್ರ ತೆರೆದದೋ ಮುಚ್ಚ್ಯದೋ, ಮೈಬಣ್ಣ ಯಾವುದು ಅಂತ ನೋಡ್ರಿ. ಖಾತ್ರಿ ಆಗೋ ತನಕ "ಪೈಲಾ ಕುಲ" ಅಂತ ಬರೆದ್ರ ಸಾಕು, ಅದು ಸರಿಯಾದ ಬರಹವೇ.

ಶಹಾಬಾದ್_ಫರ್ಸಿ

ಸರ್, ಇಪ್ಪತ್ತು ಸಾಲಿನ ಚಾರ್ಟ್ ಬಿಟ್ಟು ಕ್ಯಾಲ್ಸಿಯಂ ಒಂದನ್ನೇ ಹಿಡಿದು ಹೋಗಿ. ಜಿಂಕೆ ಅದರಿಂದ ಕೊಂಬು ಕಟ್ಟುತ್ತದೆ, ಬಸವನಹುಳ ಚಿಪ್ಪು ಕಟ್ಟುತ್ತದೆ. ಎಲ್ಲಿಂದ ತರುತ್ತವೆ, ಯಾವ ರೂಪದಲ್ಲಿ ಕಟ್ಟುತ್ತವೆ, ಕಟ್ಟಿದ್ದನ್ನು ಉಳಿಸಿಕೊಳ್ಳುತ್ತವೋ ಬಿಡುತ್ತವೋ, ಮರಿಗೆ ಹೇಗೆ ದಾಟಿಸುತ್ತವೆ ಎಂದು ಕೇಳುತ್ತ ಹೋದರೆ ಉಸಿರಾಟ, ಆಹಾರ, ಸಂತಾನ ಎಲ್ಲವೂ ತಾನಾಗಿ ಒಳಗೆ ಬರುತ್ತವೆ.

ರೂಪ ಮೊದಲು. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ನಮ್ಮ ಶಹಾಬಾದ್ ಕಲ್ಲಿನಲ್ಲಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವ ಕಲ್ಲಿನಲ್ಲಿ ಇರುವ ಅದೇ ಸಂಯುಕ್ತ. ಅದರ ಮೇಲೆ ಕಂದು-ಹಸಿರು ಬಣ್ಣದ ತೆಳು ಪ್ರೋಟೀನ್ ಪದರ. ಕವಲುಗೊಂಬು ಹಾಗಲ್ಲ: ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳ ನಡುವೆ ಕ್ಯಾಲ್ಸಿಯಂ ಫಾಸ್ಫೇಟ್ ತುಂಬಿಕೊಂಡ ನಿಜವಾದ ಎಲುಬು. ಚಿಪ್ಪು ಗಡಸು, ಹೊಡೆತಕ್ಕೆ ಒಡೆಯುತ್ತದೆ. ಗಂಡುಗಳ ಕಾದಾಟದಲ್ಲಿ ಕೊಂಬಿಗೆ ಬೀಳುವ ಪೆಟ್ಟನ್ನು ತಡೆಯುವುದು ಆ ಕೊಲಾಜೆನ್.

ಬೆಳೆಯುವ ಜಾಗದಲ್ಲಿ ಇನ್ನೂ ಸೊಗಸಾದ ಹೋಲಿಕೆ ಇದೆ. ಬಸವನಹುಳದ ಮ್ಯಾಂಟಲ್, ಅಂದರೆ ಚಿಪ್ಪಿನ ಒಳಗೆ ಮೈಯನ್ನು ಹೊದ್ದ ಮೆತ್ತನೆ ಪದರ, ತನ್ನ ಅಂಚಿನಿಂದ ಚಿಪ್ಪಿನ ಬಾಯಿಯ ತುಟಿಗೆ ಹೊಸ ಸುಣ್ಣ ಸೇರಿಸುತ್ತ ಹೋಗುತ್ತದೆ. ಹಾಗಾಗಿ ತುದಿಯಲ್ಲಿರುವುದು ಮರಿಯಾಗಿದ್ದಾಗಿನ ಚಿಪ್ಪು, ಬಾಯಲ್ಲಿರುವುದು ಈಚಿನದು. ಒಂದು ಚಿಪ್ಪಿನಲ್ಲಿ ಇಡೀ ಆಯುಸ್ಸು ಇರುತ್ತದೆ. ಜಿಂಕೆಯ ಕವಲುಗೊಂಬು ತುದಿಯಲ್ಲಿ ಬೆಳೆಯುತ್ತದೆ, ಬುಡ ಹಳೆಯದು, ಆದರೆ ಎಲ್ಲವೂ ಒಂದೇ ವರ್ಷದ ಬೆಳೆ. ಕೃಷ್ಣಮೃಗದ ಕೊಂಬು ಬುಡದಲ್ಲಿ ಬೆಳೆಯುತ್ತದೆ, ತುದಿಯೇ ಹಳೆಯದು. ಈ ಮೂರರ ಚಿತ್ರ ಬರೆದು ಹಳೆಯ ಭಾಗಕ್ಕೆ ಒಂದು ಬಣ್ಣ, ಹೊಸದಕ್ಕೆ ಇನ್ನೊಂದು ಬಣ್ಣ ಹಚ್ಚಿಸಿ. ನಿಮ್ಮ ಚಾರ್ಟಿಗೆ ಅದೊಂದು ಚಿತ್ರ ಸಾಕು ಎಂದು ನನ್ನ ಅಭಿಪ್ರಾಯ.

ಎಲ್ಲಿಂದ ತರುತ್ತವೆ? ಹುಳ ಕೆರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಅನ್ನು ಮೈಯಿಂದಲೇ ಹೀರುತ್ತದೆ, ಮೇವಿನಿಂದಲೂ ಪಡೆಯುತ್ತದೆ. ಜಿಂಕೆಗೆ ಮೇವು, ಹಾಲು ಕುಡಿಯುವ ವಯಸ್ಸಿನಲ್ಲಿ ತಾಯಿ ಹಾಲು. ಕೊಂಬು ಬೆಳೆಯುವ ವೇಗಕ್ಕೆ ಮೇವಿನದು ಸಾಲದೆ ಬಂದಾಗ ಜಿಂಕೆ ಜಾತಿಯ ಪ್ರಾಣಿಗಳು ತಮ್ಮದೇ ಪಕ್ಕೆಲುಬು ಮೊದಲಾದ ಎಲುಬುಗಳಿಂದ ಖನಿಜ ತೆಗೆದು ಕೊಂಬಿಗೆ ಕಳಿಸುತ್ತವೆ, ಆಮೇಲೆ ಮೇವಿನಿಂದ ಆ ಸಾಲ ತೀರಿಸುತ್ತವೆ. ಬಿದ್ದ ಕೊಂಬನ್ನೂ ಹಳೆಯ ಎಲುಬನ್ನೂ ಜಿಂಕೆಗಳು ಕಡಿಯುವುದು ಕ್ಯಾಲ್ಸಿಯಂ, ರಂಜಕಕ್ಕಾಗಿ.

ಬಿಡುವ ವಿಚಾರ: ಬೆಳೆಯುವಾಗ ಕೊಂಬಿನ ಮೇಲೆ ಮಖಮಲ್ಲಿನಂಥ ಚರ್ಮ, ಅದರಲ್ಲಿ ರಕ್ತನಾಳ. ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನ್ ಏರಿದಾಗ ಎಲುಬು ಗಟ್ಟಿಯಾಗಿ ಚರ್ಮ ಒಣಗಿ ಉದುರುತ್ತದೆ. ಆ ಹಾರ್ಮೋನ್ ಇಳಿದಾಗ ಬುಡದ ಎಲುಬನ್ನು ಕೋಶಗಳು ಕರಗಿಸಿ ಕೊಂಬು ಕಳಚುತ್ತದೆ. ಚುಕ್ಕೆ ಜಿಂಕೆಗಳಲ್ಲಿ ಎಲ್ಲ ಗಂಡುಗಳೂ ಒಂದೇ ತಿಂಗಳಲ್ಲಿ ಕೊಂಬು ಬೀಳಿಸುವುದಿಲ್ಲ. ಒಂದೇ ಹಿಂಡಿನಲ್ಲಿ ಒಬ್ಬನಿಗೆ ಮಖಮಲ್, ಇನ್ನೊಬ್ಬನಿಗೆ ಗಟ್ಟಿ ಕೊಂಬು ಇರಬಹುದು. ಹಾಗಾಗಿ "ಇಂಥ ತಿಂಗಳಲ್ಲಿ ಕೊಂಬು ಬೀಳುತ್ತದೆ" ಎಂದು ಚಾರ್ಟಿನಲ್ಲಿ ಬರೆಯಬೇಡಿ.

ಮರಿಗೆ: ಜಿಂಕೆ ಸುಮಾರು ಏಳೂವರೆ ತಿಂಗಳು ಗರ್ಭ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಕ್ಯಾಲ್ಸಿಯಂ ದಾಟುವುದು ಮಾಸು ಮತ್ತು ಹಾಲಿನ ಮೂಲಕ. ಪೈಲಾ ನೀರಿನಿಂದ ಹೊರಬಂದು ದಂಡೆಯ ಹಸಿ ಮಣ್ಣಿನ ತಗ್ಗಿನಲ್ಲಿ 200ರಿಂದ 800 ಬಿಳಿ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಸುಣ್ಣದ ಕವಚ, ಭ್ರೂಣದ ಮೊದಲ ಚಿಪ್ಪಿಗೆ ಬಂಡವಾಳ ಅದೇ. ಗಿಡದ ಕಾಂಡಕ್ಕೆ ಗುಲಾಬಿ ಬಣ್ಣದ ಮೊಟ್ಟೆ ಗೊಂಚಲು ಕಂಡರೆ ಅದು ಪೈಲಾ ಅಲ್ಲ, ಅಕ್ವೇರಿಯಂನಿಂದ ಬಂದ ಹೊರದೇಶದ ಹುಳ, ಕೆರೆಗೆ ಬಿಡಬಾರದು.

ಪ್ರಯೋಗ ಹೀಗೆ ಮಾಡಿ. ಸತ್ತ ಹುಳದ ಖಾಲಿ ಚಿಪ್ಪು ತೊಳೆದು ಒಣಗಿಸಿ, ಕುಟ್ಟಿ 2 ಗ್ರಾಂ ತೂಗಿಕೊಳ್ಳಿ. 250 ಮಿಲಿ ಬಾಟಲಿಯಲ್ಲಿ 100 ಮಿಲಿ ಅಡುಗೆ ವಿನೆಗರ್ ಹಾಕಿ ಚೂರು ಸುರಿಯಿರಿ. ಬರುವ ಗಾಳಿಯನ್ನು ನಳಿಕೆಯಿಂದ ಸುಣ್ಣದ ತಿಳಿನೀರಿಗೆ ಬಿಟ್ಟರೆ ಹಾಲಿನಂತಾಗುತ್ತದೆ: ಇಂಗಾಲದ ಡೈಆಕ್ಸೈಡ್. ನಳಿಕೆಯ ದಾರಿ ತೆರೆದಿರಲಿ, ಗಾಳಿ ಹೊರಹೋಗದಂತೆ ಬಾಟಲಿಯ ಬಾಯಿ ಬಿಗಿ ಮುಚ್ಚಲೇಬೇಡಿ. 2 ಗ್ರಾಂ ಚಿಪ್ಪು ಪೂರ್ತಿ ಕರಗಿದರೆ ಹೆಚ್ಚುಕಡಿಮೆ ಅರ್ಧ ಲೀಟರ್ ಗಾಳಿ ಬರುತ್ತದೆ, ಬಾಟಲಿ ಸಿಡಿಯಬಹುದು.

ಪಕ್ಕದಲ್ಲಿ ಎಲುಬು. ಜಿಂಕೆ ಕೊಂಬು ತರುವ ಮಾತೇ ಇಲ್ಲ: ಕಾಡಿನಲ್ಲಿ ತಾನಾಗಿ ಬಿದ್ದದ್ದನ್ನೂ ಮನೆಗೆ ಒಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕೋಳಿ ಕಾಲಿನ ಎಲುಬು ಅಥವಾ ಆಡಿನ ತೆಳು ಪಕ್ಕೆಲುಬು ಸಾಕು. ಮಾಂಸ ಬಿಡಿಸಿ, 300 ಮಿಲಿ ವಿನೆಗರಿನಲ್ಲಿ ಮುಳುಗಿಸಿ, ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ಕೋಳಿಯದು ನಾಲ್ಕೈದು ದಿನಕ್ಕೆ, ಪಕ್ಕೆಲುಬು ವಾರಕ್ಕೆ ಬಾಗತೊಡಗುತ್ತದೆ. ಖನಿಜ ಹೋಗಿ ಕೊಲಾಜೆನ್ ಮಾತ್ರ ಉಳಿದಿರುತ್ತದೆ. ಚಿಪ್ಪಿನಿಂದ ಉಳಿಯುವುದು ಹಾಳೆಯಂಥ ತೆಳು ಪೊರೆ ಅಷ್ಟೆ. ಆ ಎರಡು ಉಳಿಕೆಗಳನ್ನು ಪಕ್ಕಪಕ್ಕ ಇಡಿ.

ಬೀದರ್_ಜೀವಶಾಸ್ತ್ರ

ಭಾಳ ಉಪಕಾರ ಆಯ್ತು ಸರ್. ಪ್ರದರ್ಶನಕ್ಕ ಮೊದಲು ಹುಡುಗರು ಮಾಡಿ ನೋಡ್ಲಕತ್ತಾರ. ಇಡೀ ಚಿಪ್ಪು ಹಾಕಿದ್ರ ಹೊರಗಿನ ಮೈಮ್ಯಾಲ ಗುಳ್ಳಿನೇ ಏಳವಲ್ಲವು, ಬಾಯಿ ಅಂಚಿನಾಗ ಸ್ವಲ್ಪ ಮಾತ್ರ. ಕುಟ್ಟಿ ಹಾಕಿದ್ದು ಮೊದಲು ಜೋರು, ಆಮ್ಯಾಲ ನಿಂತು ಹೋಗ್ತದ, ಚೂರು ಇನ್ನೂ ತಳದಾಗ ಉಳದಾವ. ಎಲುಬು ಬಾಗೋ ಬದಲು ಮುರಿಲಕತ್ತದ. ಕಾರಣ ಏನಿರಬಹುದು?

ಶಹಾಬಾದ್_ಫರ್ಸಿ

ಮೂರಕ್ಕೂ ಬೇರೆ ಬೇರೆ ಕಾರಣ.

ಹೊರ ಪ್ರೋಟೀನ್ ಪದರ ಆಮ್ಲವನ್ನು ಒಳಗೆ ಬಿಡುವುದಿಲ್ಲ. ಹುಳಕ್ಕೆ ಅದರ ಕೆಲಸವೇ ಅದು, ಕೆರೆಯ ನೀರು ಸ್ವಲ್ಪ ಹುಳಿಯಾದರೂ ಚಿಪ್ಪು ಕರಗದಂತೆ ಕಾಯುವುದು. ಒಂದು ಚಿಪ್ಪಿನ ಮೇಲೆ ಉಪ್ಪುಕಾಗದದಿಂದ ಬೆರಳಗಲ ಉಜ್ಜಿ ಮುಳುಗಿಸಿ. ಉಜ್ಜಿದಲ್ಲಿ ಮಾತ್ರ ಗುಳ್ಳೆ ಏಳುತ್ತದೆ. ಇದನ್ನು ದೋಷ ಎಂದು ಬಿಡದೆ ಪ್ರದರ್ಶನದಲ್ಲೇ ಇಡಿ.

ಮಧ್ಯದಲ್ಲಿ ನಿಂತರೆ ಚಿಪ್ಪು ಹೆಚ್ಚಾಗಿದೆ ಅಥವಾ ವಿನೆಗರ್ ಸಪ್ಪೆ. ಸೀಸೆಯ ಮೇಲೆ ಆಮ್ಲದ ಪ್ರಮಾಣ ನೋಡಿ. 4 ಶೇಕಡಾದ್ದಾದರೆ 100 ಮಿಲಿ ಕರಗಿಸಬಲ್ಲದ್ದು ಸುಮಾರು 3.3 ಗ್ರಾಂ ಮಾತ್ರ. 10 ಗ್ರಾಂ ಸುರಿದರೆ ಮೂರನೇ ಎರಡು ಭಾಗ ತಳದಲ್ಲೇ ಉಳಿಯುತ್ತದೆ. 2 ಗ್ರಾಂ ಇದ್ದೂ ನಿಧಾನವಾದರೆ ಬಾಟಲಿ ಅಲುಗಾಡಿಸಿ, ಚೂರುಗಳ ಸುತ್ತಲಿನ ಆಮ್ಲ ಮೊದಲು ಖರ್ಚಾಗಿರುತ್ತದೆ.

ಎಲುಬು ಮುರಿಯುತ್ತಿದ್ದರೆ ಅದು ಕುಕ್ಕರಿನಲ್ಲಿ ಬೆಂದ ಎಲುಬೇ ಎಂದು ವಿಚಾರಿಸಿ. ಸೀಟಿ ಹೊಡೆಸಿ ಬೇಯಿಸಿದಾಗ ಕೊಲಾಜೆನ್ ಜೆಲಾಟಿನ್ ಆಗಿ ಸಾರಿಗೆ ಬಿಟ್ಟುಹೋಗಿರುತ್ತದೆ. ಬಾಗಿಸುವ ಎಳೆಯೇ ಹೋದ ಮೇಲೆ ಖನಿಜವನ್ನೂ ತೆಗೆದರೆ ಪುಡಿಯಾಗುವುದೇ. ಹಸಿ ಎಲುಬು ತಂದು, ಬಿಸಿನೀರಿನಲ್ಲಿ ಹತ್ತು ನಿಮಿಷ ಅದ್ದಿ ಮಾಂಸ ಕೆರೆದು ತೆಗೆಯಿರಿ. ಅಂದಹಾಗೆ ಎಲುಬಿನಿಂದಲೂ ಸಣ್ಣ ಗುಳ್ಳೆ ಏಳುತ್ತವೆ, ಗಾಬರಿ ಬೇಡ: ಎಲುಬಿನ ಖನಿಜದಲ್ಲಿ ಸ್ವಲ್ಪ ಕಾರ್ಬೊನೇಟ್ ಇದ್ದೇ ಇರುತ್ತದೆ.

ಸಮಯ ಇದ್ದರೆ ಇನ್ನೊಂದು ಕೆಲಸ. ಬೀದರ್ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆ. ಮಳೆಗೆ ತೊಳೆದು ಕ್ಯಾಲ್ಸಿಯಂ ಬಹುಪಾಲು ಹೋಗಿರುವ ಕಲ್ಲು. ಕಾಗಿಣಾ ನದಿ ಕಣಿವೆಯ ಶಹಾಬಾದ್, ಚಿತ್ತಾಪುರ ಕಡೆ ಸುಣ್ಣದ ಕಲ್ಲು. ಎರಡೂ ಕಡೆಯ ಒಂದೊಂದು ಕೆರೆಯಿಂದ ಮೂವತ್ತು ಖಾಲಿ ಚಿಪ್ಪು ತಂದು, ವರ್ನಿಯರ್‌ನಿಂದ ತುದಿಯಿಂದ ಬಾಯಿಯ ಕೆಳ ತುಟಿಯವರೆಗೆ ಎತ್ತರ ಅಳೆದು, ತೂಗಿ, ಒಂದೇ ಎತ್ತರದ ಚಿಪ್ಪುಗಳ ತೂಕ ಹೋಲಿಸಿ. ಜೊತೆಗೆ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಎಂದು, ಕಿಟ್‌ನಲ್ಲಿ ನೋಡಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. ನಿಮ್ಮ ಅಂಕಿ ಎಲ್ಲಿ ಕೂರುತ್ತದೆ ತಿಳಿಯಲು ಇದು ಅಳತೆಗೋಲು. ತುದಿಯ ಬಣ್ಣ ಹೋಗಿ ಬೆಳ್ಳಗೆ ಸವೆದಿದ್ದರೆ ಅದನ್ನೂ ಬರೆದುಕೊಳ್ಳಿ, ಆದರೆ ಕ್ಯಾಲ್ಸಿಯಂ ಕೊರತೆಯೇ ಕಾರಣ ಎಂದು ತೀರ್ಪು ಕೊಡಬೇಡಿ. ಮರಳಿನ ಉಜ್ಜಾಟದಿಂದಲೂ ತುದಿ ಸವೆಯುತ್ತದೆ. ನೀರು ತುಂಬಿದ ಹಳೇ ಕಲ್ಲುಗಣಿಗಳಿಗೆ ಮಕ್ಕಳನ್ನು ಕಳಿಸಬೇಡಿ, ಅಂಚು ಕಡಿದಾಗಿ ಒಮ್ಮೆಲೇ ಆಳ ಇರುತ್ತದೆ.

ಕುರುಚಲು_ಕಾಡು

ಬಾಟ್ಲಿ, ಎಲುಬಿನ ಕೆಲಸ ಆಯ್ತು, ಇನ್ನ ಜೀವಂತ ಹುಳ ಇಡೋ ಕ್ರಮ.

20 ಲೀಟರ್ ಟಬ್ಬಿಗೆ ನಾಲ್ಕು ಹುಳ, ಅದಕ್ಕಿಂತ ಹೆಚ್ಚು ಬ್ಯಾಡ. ನಲ್ಲಿ ನೀರಾದ್ರ ಬಾಯಿ ತೆರೆದ ಬಕೇಟಿನಾಗ ಒಂದು ಇಡೀ ದಿನ ಬಿಡ್ರಿ, ಕ್ಲೋರಿನ್ ಹೋಗಲಿ. ಅರ್ಧ ಕೆರೆ ನೀರು ಬೆರೆಸಿದ್ರ ಇನ್ನೂ ಒಳ್ಳೇದು. ತಾಮ್ರದ ಪಾತ್ರಿ, ತಾಮ್ರ ಇರೋ ಮೀನಿನ ಔಷಧ ಹತ್ತಿರಕ್ಕೂ ತರಬ್ಯಾಡ್ರಿ, ಹುಳಗಳಿಗೆ ಅದು ವಿಷ. ವಿಚಿತ್ರ ಅಂದ್ರ ಅದರ ರಕ್ತದಾಗ ಆಮ್ಲಜನಕ ಒಯ್ಯೋ ಹೀಮೊಸಯನಿನ್‌ನಾಗ ಇರೋದೇ ತಾಮ್ರ. ಜಿಂಕೆಯ ಹಿಮೊಗ್ಲೋಬಿನ್‌ನಾಗ ಕಬ್ಬಿಣ. ಇದೂ ಒಂದು ಸಾಲು ಚಾರ್ಟಿಗೆ ಬರಲಿ.

ನೀರಿನ ಮ್ಯಾಲ ಆರೇಳು ಸೆಂಟಿಮೀಟರ್ ಖಾಲಿ ಜಾಗ ಬೇಕೇ ಬೇಕು. ಪೈಲಾಗೆ ಬಲಕ್ಕ ಕಿವಿರು, ಎಡಕ್ಕ ಶ್ವಾಸಚೀಲ, ಎರಡೂ ಅದಾವ. ನೀರಿನಾಗ ಆಮ್ಲಜನಕ ಕಡಿಮೆ ಆದ್ರ ಮ್ಯಾಲ ಬಂದು ಎಡಗಡೆಯ ಕೊಳವಿ ಚಾಚಿ ಗಾಳಿ ಎಳೀತದ. ತಳದಿಂದ ಬಾಯಿ ತನಕ ತುಂಬಿ ಪ್ಲಾಸ್ಟಿಕ್ ಮುಚ್ಚಿದ್ರ ಉಸಿರು ಕಟ್ತದ. ಪ್ರೇಕ್ಷಕರಿಗೆ ಇದನ್ನು ತೋರಿಸೋಕ ಅಕ್ವೇರಿಯಂ ಪಂಪ್ ಒಂದು ತಾಸು ಹಚ್ಚಿ, ಒಂದು ತಾಸು ಆರಿಸಿ, ಎಷ್ಟು ಸಲ ಕೊಳವಿ ಮ್ಯಾಲ ಬಂತು ಅಂತ ಎಣಿಸ್ರಿ. ಟಬ್ಬಿನ ಮ್ಯಾಲ ಸೊಳ್ಳಿಪರದಿ ಬಟ್ಟಿ ಕಟ್ರಿ, ಇಲ್ಲಂದ್ರ ರಾತ್ರಿ ಹತ್ತಿ ಹೊರಗ ಬೀಳ್ತಾವ.

ಮೇವಿಗೆ ಕೆರೆಯಿಂದಲೇ ತಂದ ಹೈಡ್ರಿಲ್ಲಾ ಅನ್ನೋ ನೀರಿನ ಗಿಡ ಉತ್ತಮ. ಸಿಗದಿದ್ರ ಸೌತೆಕಾಯಿ, ಎಲೆಕೋಸಿನ ತುಂಡು. ಪಾಲಕ ಮುಖ್ಯ ಮೇವು ಆಗಬಾರದು, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಡ್ತದ. ಒಂದು ಫರ್ಸಿ (ಶಹಾಬಾದ್ ಕಲ್ಲು) ಚೂರು ಅಥವಾ ತೊಳೆದ ಮೊಟ್ಟಿ ಸಿಪ್ಪಿ ತಳದಾಗ ಇರಲಿ. ತಿಂದು ಉಳಿದಿದ್ದು ಮರುದಿನ ತೆಗೀರಿ, ಎರಡು ದಿನಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸ್ರಿ. ನೀರು ನಾತ ಹೊಡೆದ್ರ ಒಂದು ಹುಳ ಸತ್ತದ ಅಂತ ತಿಳೀರಿ: ಮುಚ್ಚಳ ಸಡಿಲಾಗಿ, ಮುಟ್ಟಿದ್ರೂ ಒಳಗ ಹೋಗಂಗಿಲ್ಲ. ತಕ್ಷಣ ತೆಗೀರಿ, ಒಂದು ಕೊಳೆತ್ರ ಉಳಿದವೂ ಹೋಗ್ತಾವ. ಬಾಯಿ ಬಿಗಿ ಮುಚ್ಚಿಕೊಂಡು ಕುಂತಿದ್ದು ಸತ್ತಿದ್ದಲ್ಲ.

ಆ ಮುಚ್ಚಳದ ಹಿಂದ ನಮ್ಮ ಬ್ಯಾಸಗಿ ಅದ. ಏಪ್ರಿಲ್-ಮೇದಾಗ ಕೆರಿ ಬತ್ತಿದಾಗ ಪೈಲಾ ಕೆಸರಿನೊಳಗ ಹೂತು, ಮುಚ್ಚಳ ಹಾಕಿ, ಶ್ವಾಸಚೀಲದ ಗಾಳಿ ಮ್ಯಾಲ ತಿಂಗಳುಗಟ್ಟಲೆ ಮಲಗ್ತದ. ನೀರಿದ್ದಾಗ ಅಮೋನಿಯಾ ಹೊರಹಾಕೋ ಹುಳ ಈಗ ಯೂರಿಕ್ ಆಮ್ಲ ಮಾಡಿ ಒಳಗೇ ಇಟ್ಟುಕೊಳ್ತದ, ಅದಕ್ಕ ನೀರು ಖರ್ಚಾಗಂಗಿಲ್ಲ. ಮಳಿ ಬಿದ್ದ ಮ್ಯಾಲ ಏಳ್ತದ. ಚಿಪ್ಪಿನ ಮ್ಯಾಲಿನ ದಪ್ಪ ಕಪ್ಪು ಅಡ್ಡಗೆರೆಗಳು ಹಿಂಗ ಬೆಳವಣಿಗಿ ನಿಂತಿದ್ದರ ಗುರುತು. ಆದ್ರ ಅವನ್ನ ಎಣಿಸಿ ವಯಸ್ಸು ಹೇಳಬ್ಯಾಡ್ರಿ, ಒಂದೇ ವರ್ಷದಾಗ ಎರಡು ಸಲ ನಿಂತಿರಬಹುದು. ಚುಕ್ಕೆ ಜಿಂಕೆಗೆ ಈ ದಾರಿ ಇಲ್ಲ. ಬ್ಯಾಸಗ್ಯಾಗ ದಿನಕ್ಕೊಮ್ಮೆ ಆದ್ರೂ ನೀರು ಕುಡೀಬೇಕು, ಯೂರಿಯಾ ಹೊರಹಾಕೋಕೂ ನೀರೇ ಬೇಕು. ಅದಕ್ಕೇ ಅದು ನೀರಿನ ಹತ್ತಿರದ ಕಾಡು ಬಿಟ್ಟು ದೂರ ಹೋಗಂಗಿಲ್ಲ.

ಪ್ರದರ್ಶನ ಮುಗಿದ ಮ್ಯಾಲ ತಂದ ಕೆರಿಗೇ ಬಿಡ್ರಿ. ಬ್ಯಾರೆ ಕೆರಿಗೆ ಬಿಟ್ರ ಅದರ ಜೋಡಿ ಅಲ್ಲಿನ ರೋಗನೂ ಹೋಗ್ತದ. ಚಿಂಚೋಳಿ ಅಭಯಾರಣ್ಯದ ಒಳಗಿನ ನೀರಿನಿಂದಂತೂ ಚಿಪ್ಪನ್ನೂ ತರಬ್ಯಾಡ್ರಿ.

ಯಾದಗಿರಿ_ಪಶುವೈದ್ಯ

ಮೇಲಿನದೆಲ್ಲ ಓದಿದೆ. ಎರಡು ಪ್ರಾಣಿಗಳು ನಿಜವಾಗಿ ಭೇಟಿಯಾಗುವ ಜಾಗ ಒಂದು ಉಳಿದಿದೆ: ಲಿವರ್ ಫ್ಲೂಕ್ ಎಂಬ ಎಲೆಯಾಕಾರದ ಚಪ್ಪಟೆ ಹುಳು, ಫ್ಯಾಸಿಯೋಲಾ ಜೈಗ್ಯಾಂಟಿಕಾ. ದನ, ಎಮ್ಮೆ, ಕುರಿ, ಜಿಂಕೆಗಳ ಪಿತ್ತನಾಳದಲ್ಲಿ ಬೆಳೆಯುತ್ತದೆ. ಜಿಂಕೆಗೆ ಪಿತ್ತಕೋಶ ಇಲ್ಲ, ಪಿತ್ತನಾಳ ಇದೆ. ಹುಳುವಿನ ಮೊಟ್ಟೆ ಸಗಣಿ, ಹಿಕ್ಕೆಯಲ್ಲಿ ಹೊರಬಂದು ನೀರಿನಲ್ಲಿ ಒಡೆದು, ಮರಿ ಒಂದು ಬಸವನಹುಳದೊಳಗೆ ಹೊಕ್ಕು, ಅಲ್ಲಿ ಕೆಲವು ವಾರಗಳಲ್ಲಿ ಒಂದರಿಂದ ಅನೇಕವಾಗಿ, ಮತ್ತೆ ನೀರಿಗೆ ಬಂದು ದಂಡೆಯ ಹುಲ್ಲಿಗೆ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಹುಲ್ಲು ಮೇಯ್ದ ಪ್ರಾಣಿಗೆ ಸೋಂಕು.

ಇದಕ್ಕೆ ಬೇಕಾದ ಬಸವನಹುಳ ಪೈಲಾ ಅಲ್ಲ. ಲಿಮ್ನಿಯಾ: ತೆಳು, ಅರೆಪಾರದರ್ಶಕ ಚಿಪ್ಪು, ಅಗಲ ಬಾಯಿ, ಮುಚ್ಚಳ ಇಲ್ಲ, ಪೈಲಾಗಿಂತ ತುಂಬ ಚಿಕ್ಕದು. ನೀವು ತಂದ ಬಕೆಟಿನಲ್ಲಿ ಅದೂ ಇರಬಹುದು. ಚಪ್ಪಟೆಯಾಗಿ ಸುತ್ತಿಕೊಂಡ ಕಂದು ಚಿಪ್ಪಿನದು ಇಂಡೋಪ್ಲಾನಾರ್ಬಿಸ್. ಅದರಿಂದ ಹೊರಬರುವ ಶಿಸ್ಟೊಸೋಮಾ ಎಂಬ ಪರಾವಲಂಬಿ ಹುಳುವಿನ ಮರಿಗಳು ದನಗಳಿಗೆ ರೋಗ ತರುತ್ತವೆ, ಮನುಷ್ಯರ ಚರ್ಮಕ್ಕೆ ತಾಗಿದರೆ ತುರಿಕೆ, ಕೆಂಪು ಗುಳ್ಳೆ. ಆದ್ದರಿಂದ ಹುಳ ಆರಿಸುವಾಗ ಮೊಣಕೈವರೆಗೆ ರಬ್ಬರ್ ಕೈಚೀಲ ಹಾಕಿಸಿ, ನೀರಿಗೆ ಬರಿಗಾಲಲ್ಲಿ ಇಳಿಸಬೇಡಿ, ಉದ್ದ ಹಿಡಿಕೆಯ ಜಾಲರಿ ಬಳಸಿ, ಆಮೇಲೆ ಸಾಬೂನಿನಿಂದ ಕೈ ತೊಳೆಸಿ.

ತೋರಿಸಬೇಕೆಂದರೆ: ಐದಾರು ಲಿಮ್ನಿಯಾಗಳನ್ನು ಒಂದೊಂದು ಚಿಕ್ಕ ಗಾಜಿನ ಸೀಸೆಯಲ್ಲಿ 20 ಮಿಲಿ ಕ್ಲೋರಿನ್ ಇಲ್ಲದ ನೀರಿಗೆ ಬಿಟ್ಟು, ಬೆಳಗಿನ ಬೆಳಕಿಗೆ, ಸುಡುಬಿಸಿಲಿಗೆ ಅಲ್ಲ, ಎರಡು-ಮೂರು ತಾಸು ಇಡಿ. ಕಪ್ಪು ಕಾಗದ ಹಿಂದೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಸೋಂಕಿದ್ದ ಸೀಸೆಯಲ್ಲಿ ಬಾಲವಿರುವ ಬಿಳಿ ಚುಕ್ಕೆಗಳು ಅಲುಗುತ್ತವೆ. ಯಾವ ಜಾತಿಯ ಹುಳುವಿನ ಮರಿ ಎಂದು ಭೂತಗನ್ನಡಿಯಲ್ಲಿ ಹೇಳಲಾಗದು, ಸೂಕ್ಷ್ಮದರ್ಶಕ ಬೇಕು. ಒಂದೂ ಕಾಣದಿದ್ದರೆ ಆ ಕೆರೆಯಲ್ಲಿ ರೋಗವಿಲ್ಲ ಎಂದು ಬರೆಯಬೇಡಿ. ಸೋಂಕಿರುವ ಬಸವನಹುಳಗಳು ಸಾಮಾನ್ಯವಾಗಿ ಕಡಿಮೆ ಇರುತ್ತವೆ, ಐದಾರು ಹುಳದಲ್ಲಿ ಸಿಗದೇ ಹೋಗಬಹುದು. ಕೆಲಸ ಮುಗಿದ ಮೇಲೆ ಆ ಸೀಸೆಗಳ ನೀರನ್ನು ಕುದಿಸಿ ಚೆಲ್ಲಿ, ಕೆರೆಗಾಗಲಿ ಮೋರಿಗಾಗಲಿ ಹಾಗೇ ಸುರಿಯಬೇಡಿ.

ಬೀದರ್_ಜೀವಶಾಸ್ತ್ರ

ಡಾಕ್ಟರ್ ಸಾಹೇಬ್ರ, ಒಂದೇ ಮಾತು. ಲಿಮ್ನಿಯಾ ಮತ್ತ ಪೈಲಾ ಒಂದೇ ಟಬ್ಬಿನಾಗ ಇಡಬಹುದಾ?

ಯಾದಗಿರಿ_ಪಶುವೈದ್ಯ

ಬೇಡ. ಲಿಮ್ನಿಯಾ ಮೊಟ್ಟೆಗಳು ಅಂಟಿನ ಗೊಂಚಲಾಗಿ ಗಿಡಕ್ಕೆ, ಟಬ್ಬಿನ ಗೋಡೆಗೆ ಅಂಟುತ್ತವೆ, ಪೈಲಾ ಅವನ್ನು ತಿಂದುಬಿಡಬಹುದು. ಅದಕ್ಕಿಂತ ಮುಖ್ಯ, ಪೈಲಾ ಟಬ್ಬಿಗೆ ಪ್ರೇಕ್ಷಕರ ಮಕ್ಕಳು ಕೈ ಹಾಕಿಯೇ ಹಾಕುತ್ತಾರೆ. ಲಿಮ್ನಿಯಾ, ಇಂಡೋಪ್ಲಾನಾರ್ಬಿಸ್ ಎರಡನ್ನೂ ಮುಚ್ಚಿದ ಸೀಸೆಗಳಲ್ಲಿ, ಮೇಜಿನ ಹಿಂಬದಿಗೆ, ಕೈಗೆ ಸಿಗದಂತೆ ಇಡಿ. ಪೈಲಾ ಟಬ್ಬಿಗೆ ಹಾಕುವ ಹೈಡ್ರಿಲ್ಲಾವನ್ನೂ ಮೊದಲು ಬಕೆಟಿನಲ್ಲಿ ಜಾಲಾಡಿಸಿ ನೋಡಿ, ಎಲೆಯ ಅಡಿ ಸಣ್ಣ ಲಿಮ್ನಿಯಾಗಳು ಅಂಟಿಕೊಂಡು ಬರುತ್ತವೆ.